ಊರ ಕಡೆ ಓಡಿದ ಆನೆಗಳು

ಅವ್ವಾ,

ಪ್ರಾಣಿ ತೋರಿಸ್ತೀನಿ ಅಂತ ನಿನ್ನ ಅಳಿಯ ಹೈಂಗುರಾ ಹಟ ಹಿಡಿದು, ಬಾಡಿಗೆ ಜೀಪು ತಾವೇ ಓಡಿಸಿಕೊಂಡು ನನ್ನನ್ನ ಈ ಖೌಡುಂ ಕಾಡಿಗೆ ಕರಕೊಂಡು ಬಂದಿದ್ದಾರೆ. ಮರಳಲ್ಲಿ ಕುಲುಕಿ ಕುಲುಕಿ ಸೊಂಟ ಬಿದ್ದುಹೋಗಿದೆ. ತಿಕ್ಕಿಕೊಳ್ಳೋಕೆ ನೀನು ಕೊಟ್ಟ ಎಣ್ಣೆಯೂ ಮುಗೀತು. ಇವತ್ತು ನೀರಿನ ಹೊಂಡದ ಹತ್ತಿರ ಆನೆ ಹಿಂಡು ಜೀಪಿನ ಪಕ್ಕಕ್ಕೇ ಬಂತು. ಇವರು ಕ್ಯಾಮೆರಾ ಎತ್ತಿದರು. ನಾನು ಅನ್ನದ ಪಾತ್ರೆ ಎತ್ತಿ ಬಡಿದೇಬಿಟ್ಟೆ, ನಮ್ಮ ಸಜ್ಜೆ ಹೊಲದಲ್ಲಿ ನೀನು ಡಬ್ಬ ಬಡಿಯೋ ಹಾಗೆ! ಹಿಂಡು ಕಾಲ್ಕಿತ್ತು ಓಡಿತು.

"ನೋಡೋಕೆ ಅಂತ ಇಷ್ಟು ದೂರ ಬಂದು ಓಡಿಸ್ತೀಯಲ್ಲೇ ಮಾರಾಯ್ತಿ!" ಅಂದವರು ಇನ್ನೂ ಮುಖ ಊದಿಸಿಕೊಂಡಿದ್ದಾರೆ. ನಗೋಕೂ ನನಗೆ ತ್ರಾಣವಿಲ್ಲ.

ಅವು ಓಡಿದ್ದು ನಮ್ಮೂರ ದಿಕ್ಕಿಗೇ. ಈ ಕಾರ್ಡು ಮೊದಲು ಬಂದರೆ ಬಲಿತ ತೆನೆ ಕೊಯ್ದಿಟ್ಟುಕೊ. ಆನೆಗಳೇ ಮೊದಲು ಬಂದರೆ, ನನ್ನ ಬೈಕೊಂಡೇ ಡಬ್ಬ ಬಡಿ.

ನಿನ್ನ ವೆರೋನಿಕಾ