ಚಿನ್ನಮ್ಮಾಳ್ ಚೀನಾಕ್ಕೆ ಹೊರಟಿದ್ದಾಳೆ

ಹನುಮಂತನಪಟ್ಟಿ,
20-7-2025, ಭಾನುವಾರ

ಪ್ರೀತಿಯ ಗಣೇಶನ್‌ಗೆ,

ಮೂಕಯ್ಯನ ನಮಸ್ಕಾರ. ನೀನು, ನಿನ್ನ ಮನೆಯವರು, ಮೊಮ್ಮಕ್ಕಳು ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಬೈಯುವುದೇ ಆದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈ. ಫೋನು ಮಾಡೋಣವೆಂದರೆ ನಿನ್ನ ಕಿವಿಯ ಕಥೆ ಗೊತ್ತೇ ಇದೆ. ಹೋದ ಸಲ ನಾನು ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಕೂಗಿದ್ದು ಕಂಬಂ ಪೇಟೆಯವರೆಗೂ ಕೇಳಿಸಿತು, ದಿಂಡಿಗಲ್‌ನಲ್ಲಿದ್ದ ನಿನಗೆ ಮಾತ್ರ ಕೇಳಿಸಲಿಲ್ಲ. ಅಲ್ಲದೆ ಇದು ಕೂಗಿ ಹೇಳುವ ವಿಷಯವಲ್ಲ. ನಾವಿಬ್ಬರೂ ದ್ರಾಕ್ಷಿ ಲಾರಿಯಲ್ಲಿ ಬೆಂಗಳೂರು ಮಂಡಿಗೆ ಹೋಗಿ ಬರುತ್ತಿದ್ದಾಗ ಅಂಗಡಿ ಬೋರ್ಡು ನೋಡಿ ನೋಡಿ ಕಲಿತ ಕನ್ನಡ ಅಕ್ಷರ ಈಗ ಕೆಲಸಕ್ಕೆ ಬಂತು. ನಮ್ಮ ಮನೆಯಲ್ಲಿ ಕನ್ನಡ ಮಾತಾಡದವರಿಲ್ಲ, ಓದಬಲ್ಲವರೂ ಇಲ್ಲ. ನಿನ್ನ ಮನೆಯಲ್ಲೂ ಅಷ್ಟೇ. ಕಾಗದವನ್ನು ಟಿವಿ ಮೇಲೆ ಬಿಟ್ಟರೂ ಹೆದರಬೇಕಿಲ್ಲ.

ವಿಷಯ ಏನೆಂದರೆ, ನನ್ನ ಹೆಂಡತಿ ಚೀನಾಕ್ಕೆ ಹೊರಟಿದ್ದಾಳೆ. ನಗಬೇಡ. ನಾನೂ ಮೊದಲು ನಕ್ಕೆ, ಅದಕ್ಕೇ ಇಷ್ಟೆಲ್ಲ ಆಗಿರುವುದು.

ಇದಕ್ಕೆಲ್ಲ ಕಾರಣ ಒಂದು ಹಳೆಯ ಫೋನು. ನನ್ನ ತಮ್ಮನ ಮಗಳು ಯುವಶ್ರೀ ಗೊತ್ತಲ್ಲ, ತೇನಿಯಲ್ಲಿ ಕಾಲೇಜು ಓದುತ್ತಾಳೆ, ಮಕ್ಕಳಿಲ್ಲದ ನಮ್ಮ ಮನೆಗೆ ಅವಳೇ ಮಗಳು. ಹೊಸ ಫೋನು ತೆಗೆದುಕೊಂಡವಳು ಹಳೆಯದನ್ನು ತನ್ನ ಪೆರಿಯಮ್ಮನಿಗೆ, ಅಂದರೆ ನಮ್ಮ ಚಿನ್ನಮ್ಮಾಳ್‌ಗೆ, ಕೊಟ್ಟಳು. ಅದರಲ್ಲಿ ಚೀನಾದ ಸೀರಿಯಲ್ಲುಗಳು ಬರುತ್ತವೆ, ತಮಿಳು ಮಾತು ಜೋಡಿಸಿದವು. ರಾಜ, ಅವನಿಗೆ ಹತ್ತಾರು ರಾಣಿಯರು, ತಲೆಯ ತುಂಬ ಕೂದಲಿಗಿಂತ ಹೆಚ್ಚು ಪಿನ್ನುಗಳು. ಚಿನ್ನಮ್ಮಾಳ್ ಬಳ್ಳಿ ಕಟ್ಟುವಾಗ ಫೋನನ್ನು ಚಪ್ಪರದ ಕಂಬಕ್ಕೆ ಸಿಕ್ಕಿಸಿಕೊಂಡು ನೋಡುತ್ತಾಳೆ. ಊಟಕ್ಕೆ ಕೂತರೆ ಆ ರಾಣಿಯರ ಸುದ್ದಿ. ಯಾರು ಯಾರಿಗೆ ವಿಷ ಹಾಕಿದರು ಅಂತ ಹೇಳಿಕೊಂಡೇ ನನ್ನ ತಟ್ಟೆಗೆ ಸಾರು ಬಡಿಸುತ್ತಾಳೆ.

ಏಪ್ರಿಲ್‌ನಲ್ಲಿ ಒಂದು ದಿನ ಸೊಪ್ಪು ಬಿಡಿಸುತ್ತಾ ಕೂತವಳು, "ನಾ ಚೀನಾ ಓಗಿ ನೋಡ್ಕೊಂಡ್ ಬತ್ತೀನಿ. ಮಣಿಮೇಗಲೈಯೂ ಬತ್ತಾಳೆ," ಅಂದಳು.

"ಯಾವ ಚೀನಾ?" ಎಂದು ಕೇಳಿದೆ.

"ಲೋಕದಾಗೆ ಎಷ್ಟ್ ಚೀನಾ ಅದೆ?"

ಮಣಿಮೇಗಲೈ ಅಂದರೆ ತೇನಿಯಲ್ಲಿ ನರ್ಸ್ ಆಗಿದ್ದು ರಿಟೈರಾದವಳು, ಇವಳ ಬಾಲ್ಯದ ಗೆಳತಿ. ದಿಂಡಿಗಲ್‌ನಲ್ಲಿ ಕರುಪ್ಪಸಾಮಿ ಎಂಬವನು ಟೂರು ನಡೆಸುತ್ತಾನಂತೆ. ಹನ್ನೊಂದು ದಿನ. ಬೀಜಿಂಗಿನ ಅರಮನೆ, ಆ ಉದ್ದದ ಗೋಡೆ, ಮಣ್ಣಿನ ಸಿಪಾಯಿಗಳನ್ನು ಹೂತಿಟ್ಟ ಊರು, ಚಹಾ ಕುಡಿಯುವ ಮನೆ, ಒಂದು ದಿನ ಅವರ ನಾಟಕ. ಇದನ್ನೆಲ್ಲ ಅವಳು ಕಾಯಿಪಲ್ಯದ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿದಳು. ದುಡ್ಡು ಅವಳ ತಾಯಿ ಕಡೆಯ ಜಮೀನಿನದು, ಅದರ ಬಗ್ಗೆ ನಾನು ಬಾಯಿ ತೆರೆಯುವಂತಿಲ್ಲ.

ನಾನೇನು ಮಾಡಿದೆ ಗೊತ್ತೇ? ನಾನೂ ಬರುತ್ತೇನೆ ಅಂದು ಯೋಜನೆಯನ್ನು ಕೈಗೆ ತೆಗೆದುಕೊಂಡೆ. ಗಂಡನಲ್ಲವೇ! ಮೊದಲು ಊಟ. ಅಲ್ಲಿ ಕಪ್ಪೆ ತಿನ್ನುತ್ತಾರೆ, ಆದ್ದರಿಂದ ಇಡ್ಲಿ ಪುಡಿ, ಅವಲಕ್ಕಿ, ಹುಣಸೆಹಣ್ಣಿನ ಗೊಜ್ಜು ಎಂದು ನಾನೇ ಚೀಟಿ ಬರೆದೆ. ಆಮೇಲೆ ನೋಡುವ ಜಾಗ. ಯುವಶ್ರೀ ಫೋನಿನಲ್ಲಿ ತೋರಿಸಿದಳು, ಚೀನಾದ ಪಡುವಣದಲ್ಲಿ ಮರಳುಗಾಡಿನ ನಡುವೆ ದ್ರಾಕ್ಷಿ ಕಣಿವೆ ಇದೆ, ಭೂಮಿಯ ಕೆಳಗೆ ಕಾಲುವೆ ತೋಡಿ ನೀರು ಕೊಡುತ್ತಾರೆ. ಕರುಪ್ಪಸಾಮಿಗೆ ಫೋನು ಮಾಡಿ, ಅರಮನೆಗೆ ಅರ್ಧ ದಿನ ಸಾಕು, ಉಳಿದರ್ಧದಲ್ಲಿ ದ್ರಾಕ್ಷಿ ತೋಟ ತೋರಿಸು ಅಂದೆ. "ಅಯ್ಯಾ, ಅದು ಬೀಜಿಂಗ್‌ನಿಂದ ವಿಮಾನದಲ್ಲೇ ನಾಕ್ ಗಂಟೆ," ಅಂದ. ಹಾಗಾದರೆ ಗೋಡೆಯನ್ನು ಬಿಟ್ಟುಬಿಡು, ಗೋಡೆಯಲ್ಲಿ ಏನಿದೆ ಎಂದು ಕೇಳಿದೆ. ಅವನು ಲೈನು ಸರಿಯಿಲ್ಲವೆಂದು ಇಟ್ಟುಬಿಟ್ಟ.

ಪಾಸ್‌ಪೋರ್ಟ್ ಎಂಬುದು ಇನ್ನೊಂದು ರಾಮಾಯಣ. ಅರ್ಜಿಯಲ್ಲಿ ಹೆಸರಿಗೆ ಎರಡು ಜಾಗ ಇರುತ್ತದೆ. ನನಗಿರುವುದು ಒಂದೇ ಹೆಸರು. ಅರವತ್ತೇಳು ವರ್ಷ ಈ ಒಂದು ಹೆಸರಿನಲ್ಲೇ ಉಂಡು, ಉತ್ತು, ಓಟು ಹಾಕಿದ್ದೇನೆ. ಯುವಶ್ರೀ, "ಪೆರಿಯಪ್ಪಾ, ತಾತನ ಹೆಸರ್ ಹಾಕ್ಲಾ?" ಎಂದು ಕೇಳಿ ನನ್ನ ಅಪ್ಪನ ಹೆಸರನ್ನು ಹಿಂದೆ ಸೇರಿಸಿದಳು. ಆಗ ಆಧಾರಿನ ಹೆಸರಿಗೂ ಇದಕ್ಕೂ ತಾಳೆಯಾಗಲಿಲ್ಲ. ತೇನಿಗೆ ನಾಲ್ಕು ಸಲ, ಮದುರೈಗೆ ಎರಡು ಸಲ. ಪ್ರತಿ ಸಲವೂ ಕಾಗದ ಹಿಡಿದುಕೊಂಡು ಕಿಟಕಿ ಕಿಟಕಿಗೆ ನಿಂತೆ. ಚಿನ್ನಮ್ಮಾಳ್ ಬುತ್ತಿ ಕಟ್ಟಿ ಕೊಡುತ್ತಿದ್ದಳು, ಸಂಜೆ ಬಂದಾಗ "ಕಾಲ್ ನೋಯ್ತದಾ?" ಎಂದು ಕೇಳುತ್ತಿದ್ದಳು, ಅಷ್ಟೇ. ಕೊನೆಗೆ ಪುಸ್ತಕ ಬಂತು. ಅದರಲ್ಲಿರುವ ಫೋಟೋ ನೋಡಿದರೆ ಪೊಲೀಸರು ಹುಡುಕುತ್ತಿರುವ ಮನುಷ್ಯನ ಹಾಗಿದ್ದೇನೆ.

ಅವಳ ಫೋಟೋದ ದಿನ ಕಂಬಂ ಸ್ಟುಡಿಯೋಗೆ ನಾನೂ ಹೋಗಿದ್ದೆ. ಮೂಗುತಿ ಹೊಳೆಯುತ್ತದೆ, ತೆಗೆಯಬೇಕು ಅಂದ ಸ್ಟುಡಿಯೋದವನು. ಮದುವೆಯಾದಾಗಿನಿಂದ ಆ ಮೂಗುತಿ ಅವಳ ಮೂಗಿನಿಂದ ಇಳಿದದ್ದಿಲ್ಲ. ಬೇರೆ ದೇಶಕ್ಕೆ ಹೋಗುವುದಕ್ಕೆ ಇಷ್ಟೆಲ್ಲ ಯಾಕೆ ಎಂದು ನಾನು ಶುರು ಮಾಡುವಷ್ಟರಲ್ಲಿ ಅವಳು ಸ್ವಲ್ಪ ಎಣ್ಣೆ ಕೇಳಿ ಹಚ್ಚಿ, ಎರಡು ಸಲ ತಿರುಗಿಸಿ, ತೆಗೆದು ನನ್ನ ಅಂಗೈಗೆ ಇಟ್ಟಳು. "ಬೀಳಿಸ್ಬೇಡಿ," ಅಂದಳು. ಆ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಜೂನ್ ಕೊನೆಯಲ್ಲಿ ದಿಂಡಿಗಲ್‌ಗೆ ಬಂದಿದ್ದೆವು. ನಿನ್ನ ಮನೆಗೆ ಬರಲಿಲ್ಲವೆಂದು ನಿನಗೆ ಸಿಟ್ಟಿರಬಹುದು. ಯಾಕೆ ಬರಲಿಲ್ಲ ಅಂತ ಈಗ ಹೇಳುತ್ತೇನೆ. ಕರುಪ್ಪಸಾಮಿಯ ಆಫೀಸು ಬಸ್ ಸ್ಟ್ಯಾಂಡಿನ ಹತ್ತಿರ ಮಾಳಿಗೆ ಮೇಲೆ. ಹೋಗುವವರನ್ನೆಲ್ಲ ಕರೆಸಿ ಚೀನಾದ ಪದ್ಧತಿ ಹೇಳಿಕೊಡುತ್ತಿದ್ದ. ಚಹಾ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಅನ್ನದೊಳಗೆ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಅದು ಸತ್ತವರಿಗೆ ಮಾಡುವುದು. ಸುತ್ತ ಹದಿನೇಳು ಹೆಂಗಸರು, ನಾನೊಬ್ಬ ಗಂಡಸು. ಆಗಲೂ ನನಗೆ ಹೊಳೆಯಲಿಲ್ಲ ನೋಡು. ಅವನು ಪಟ್ಟಿ ಓದಿದ. ಚಿನ್ನಮ್ಮಾಳ್ ಬಂತು, ಮಣಿಮೇಗಲೈ ಬಂತು, ಮೂಕಯ್ಯ ಬರಲಿಲ್ಲ. ನಾನು ಎದ್ದು ನಿಂತು ಪಾಸ್‌ಪೋರ್ಟ್ ಎತ್ತಿ ತೋರಿಸಿದೆ, ಸ್ಕೂಲಿನಲ್ಲಿ ಹಾಜರಿ ತಪ್ಪಿದವನ ಹಾಗೆ.

"ಅಯ್ಯಾ, ಇದು ಲೇಡೀಸ್ ಗ್ರೂಪು," ಅಂದ ಅವನು. "ಅಮ್ಮ ಏಪ್ರಿಲ್‌ನಲ್ಲೇ ಸೇರಿದ್ರು. ನೀವು ಕಳಿಸಿಕೊಡಲು ಬಂದಿದ್ದೀರಿ ಅಂತ ನಾನು ತಿಳ್ಕೊಂಡಿದ್ದೆ."

ಹೆಂಗಸರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಒಬ್ಬಳು ನನಗೆ ಮೊದಲು ಚಹಾ ಕೊಡಿ ಅಂದಳು.

ವಾಪಸು ಬರುವಾಗ ಬಸ್ಸು ವತ್ತಲಗುಂಡಿನಲ್ಲಿ ನಿಂತಿತು. ಅಲ್ಲಿ ಕೇಳಿದೆ, "ಮೊದಲೇ ಯಾಕ್ ಏಳ್ಲಿಲ್ಲ?"

"ನೀವ್ ಕೇಳ್ಲಿಲ್ಲೆ. ನೀವಾಗೇ ಬತ್ತೀನಿ ಅಂದ್ರಿ, ನೀವಾಗೇ ಓಡಾಡುದ್ರಿ."

"ಆರು ಸಲ ಓಡಾಡಿದೀನಿ ಚಿನ್ನಮ್ಮಾ!"

"ಪಾಸ್‌ಪೋರ್ಟ್ ಇರ್ಲಿ, ಕೆಡಾಕಿಲ್ಲ," ಅಂದು ಬೇಯಿಸಿದ ಕಡಲೆಕಾಯಿಯ ಪೊಟ್ಟಣವನ್ನು ನನ್ನ ಕಡೆ ಚಾಚಿದಳು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅಷ್ಟನ್ನೂ ನಾನೇ ತಿಂದೆ.

ಆಮೇಲೆ ನಾನು ಸುಮ್ಮನಿರಲಿಲ್ಲ. ಅವಳ ಅಣ್ಣ ಚಿನ್ನಯ್ಯನನ್ನು ಕರೆಸಿದೆ. ಅವನು ಜಗಲಿಯಲ್ಲಿ ಕೂತು, "ಚೀನಾಕೆ ಯಾಕಮ್ಮಾ? ಪಳನಿಗೆ ಓಗ್ ಬಾ, ರಾಮೇಶ್ವರಕ್ಕೆ ಓಗ್ ಬಾ. ಗಂಡನ್ ಬುಟ್ಟು ಸಮುದ್ರ ದಾಟಾದು ನಮ್ಮೋರ್ ವಳಕ್ಕ, ಪದ್ದತಿ ಇಲ್ಲೆ," ಅಂದ. ಅವಳು ಅವನಿಗೆ ಕಾಫಿ ಕೊಟ್ಟು, "ಆ ಕಾಲದಾಗೆ ನಮ್ಮೋರು ಕನ್ನಡ ಸೀಮೆ ಬುಟ್ಟು ತುಂಗಭದ್ರೆ ದಾಟಿ, ಕಾವೇರಿ ದಾಟಿ, ಈ ಬೆಟ್ಟದ್ ಬುಡಕ್ಕೆ ಬಂದಾಗ ಯಾರ್ ವಳಕ್ಕ ಕೇಳಿದ್ರು ಅಣ್ಣಾ?" ಅಂದಳು. ಅವನು ಕಾಫಿ ಕುಡಿದು, ಚೆನ್ನಾಗಿದೆ ಅಂತ ಹೇಳಿ ಎದ್ದು ಹೋದ. ಇಂಥವನನ್ನು ಕಟ್ಟಿಕೊಂಡು ನಾನು ಏನು ಮಾಡಲಿ?

ತೋಟದ ಕೆಲಸ ಮುಂದಿಟ್ಟೆ. ಸೆಪ್ಟೆಂಬರಿಗೆ ಬಳ್ಳಿ ಸವರಬೇಕು, ಆಳುಗಳನ್ನು ನೋಡಿಕೊಳ್ಳುವವರು ಯಾರು? ಆಳುಗಳಿಗೆ ಅವಳು ಆಗಲೇ ಹೇಳಿಟ್ಟಿದ್ದಳು. ಅನ್ನ ಮಾಡುವವರು ಯಾರು? ಆ ವಾರದಿಂದಲೇ ನನ್ನನ್ನು ಒಲೆಯ ಮುಂದೆ ನಿಲ್ಲಿಸಿದಳು. ಗಣೇಶಾ, ಅಕ್ಕಿಗೆ ಎಷ್ಟು ನೀರು ಎಂಬುದನ್ನು ಈ ವಯಸ್ಸಿನಲ್ಲಿ ಬೆರಳ ಗೆಣ್ಣು ಅದ್ದಿ ಕಲಿಯುತ್ತಿದ್ದೇನೆ. ಅವಳಾದರೋ ಬೆಳಿಗ್ಗೆ ಕಾಲುವೆ ಏರಿಯ ಮೇಲೆ ನಡೆಯುತ್ತಾಳೆ, ಗೋಡೆ ಹತ್ತಲು ಮಂಡಿ ಗಟ್ಟಿಯಾಗಲಿ ಎಂದು. ಮಧ್ಯಾಹ್ನ ದ್ರಾಕ್ಷಿಯ ಒಣ ಕಡ್ಡಿ ಎರಡು ಸೀಳಿ ಹಿಡಿದುಕೊಂಡು ಕಡಲೆಕಾಳು ಎತ್ತುತ್ತಾಳೆ. ಈಗ ಹತ್ತಕ್ಕೆ ಒಂಬತ್ತು ಬಾಯಿಗೆ ಹೋಗುತ್ತದೆ. ಅವಳಿಲ್ಲದಾಗ ನಾನೂ ಎತ್ತಿ ನೋಡಿದೆ. ಒಂದು ಕಾಳು ಹಾರಿ ಕೋಳಿಯ ಮುಂದೆ ಬಿತ್ತು, ಉಳಿದದ್ದನ್ನು ಕೈಯಲ್ಲೇ ತಿಂದೆ.

ಇದೇ ಸುದ್ದಿ. ವೀಸಾ ಬಂದಿದೆ. ಸೆಪ್ಟೆಂಬರ್ ಆರರಂದು ದಿಂಡಿಗಲ್‌ನಿಂದ ಬಸ್ಸಿನಲ್ಲಿ ತಿರುಚ್ಚಿ, ಅಲ್ಲಿಂದ ವಿಮಾನ. ಊರಿನವರು ಅವಳನ್ನು ಈಗಲೇ ಚೀನಾಕ್ಕ ಅನ್ನುತ್ತಾರೆ. ನನ್ನನ್ನು ಕಂಡರೆ, "ನೀವ್ ಓಗಾಕಿಲ್ಲವಾ?" ಎಂದು ಕೇಳುತ್ತಾರೆ. ತೋಟ ಇದೆಯಲ್ಲ ಅನ್ನುತ್ತೇನೆ.

ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮಂಡಿನೋವು ಇಳಿಯಲಿ, ಮನೆಯವರ ಸಕ್ಕರೆ ಹತೋಟಿಗೆ ಬರಲಿ. ಚೌಡಮ್ಮ ತಾಯಿ ಎಲ್ಲರನ್ನೂ ಕಾಪಾಡಲಿ.

ನಿನ್ನ ಗೆಳೆಯ,
ಮೂಕಯ್ಯ

ತಾ.ಕ.: ಕಾಗದ ಮಡಿಸಿ ಕವರಿಗೆ ಹಾಕಿ ಮತ್ತೆ ತೆಗೆದೆ. ಬರೆಯಬೇಕಾದದ್ದನ್ನೇ ಬರೆದಿಲ್ಲ.

ವೀಸಾ ಅರ್ಜಿ ತುಂಬಿದ ದಿನ ಯುವಶ್ರೀ ಒಂದೊಂದೇ ಓದಿ ಕೇಳುತ್ತಿದ್ದಳು. "ಅವಸರ, ಆಪತ್ತು ಆದ್ರೆ ಯಾರ್ಗೆ ತಿಳಿಸ್ಬೇಕು ಅಂತ ಕೇಳ್ತಾರೆ ಪೆರಿಯಮ್ಮಾ. ಪೆರಿಯಪ್ಪನ ನಂಬರ್ ಹಾಕ್ಲಾ?" ನಾನು ಬಾಗಿಲಲ್ಲೇ ನಿಂತಿದ್ದೆ. ಚಿನ್ನಮ್ಮಾಳ್, "ಬ್ಯಾಡ. ನಿನ್ ನಂಬರ್ ಆಕು," ಅಂದಳು. ಹುಡುಗಿ ನನ್ನ ಮುಖ ನೋಡಿ ತಲೆ ತಗ್ಗಿಸಿ ಬರೆದುಕೊಂಡಳು.

ಅವಳು ಹೋದ ಮೇಲೆ ಚಿನ್ನಮ್ಮಾಳ್ ನನ್ನನ್ನು ಕೇಳಿದಳು, "ಗಣೇಶಣ್ಣ ಅವತ್ತು ಮಂಗಳವಾರ ಬಂದಿದ್ರಾ, ಬುಧವಾರವಾ?"

ನಿನಗೆ ನೆನಪಿದೆ, ಇಲ್ಲವೆನ್ನಬೇಡ. ಮೂವತ್ತೊಂದು ವರ್ಷವಾಯಿತು. ಅವಳ ಅವ್ವನಿಗೆ ಕಾಯಿಲೆ ತೀರಾ ಜೋರಾಗಿದೆ, ಮಗಳ ಹೆಸರು ಕೂಗುತ್ತಿದ್ದಾಳೆ ಎಂದು ಅವಳ ತವರು ಒಟ್ಟನ್‌ಚತ್ರದಿಂದ ನೀನೇ ಸುದ್ದಿ ತಂದೆ, ಮಂಗಳವಾರ ಮಧ್ಯಾಹ್ನ. ಚಪ್ಪರದ ಆ ತುದಿಯಲ್ಲಿ ಅವಳು ಹೆಂಗಸರನ್ನು ಕೂರಿಸಿಕೊಂಡು ಹಣ್ಣು ಪೆಟ್ಟಿಗೆಗೆ ತುಂಬುತ್ತಿದ್ದಳು. ಅವಳು ಎದ್ದರೆ ಲಾರಿ ಹೊರಡುವುದಿಲ್ಲ. ನಾನು ನಿನ್ನ ತೋಳು ಹಿಡಿದು, ಲಾರಿ ಹೋಗಲಿ, ನಾಳೆ ನಾನೇ ಹೇಳುತ್ತೇನೆ ಅಂದೆ. ಬುಧವಾರ ಸಂಜೆ ಹೇಳಿದೆ, ಈಗ ತಾನೇ ಸುದ್ದಿ ಬಂತು ಎಂದು. ಅವಳು ಹೋದಾಗ ಮಣ್ಣು ಮುಚ್ಚಿ ಹೂವು ಹಾಕಿಯಾಗಿತ್ತು.

"ಮಂಗಳವಾರ," ಅಂದೆ.

"ಗೊತ್ತು," ಅಂದಳು. "ನಿಮ್ ಬಾಯಿಂದ ಕೇಳ್ಬೇಕಿತ್ತು."

ಅಷ್ಟೇ. ಒಲೆಯ ಮೇಲೆ ಹಾಲಿಟ್ಟಿದ್ದಳು, ಇಳಿಸಲು ಹೋದಳು. ಇಷ್ಟು ವರ್ಷ ಗೊತ್ತಿದ್ದೂ ನನಗೆ ಅನ್ನ ಹಾಕಿದ್ದಾಳೆ, ಗಣೇಶಾ. ಯಾರು ಹೇಳಿದರೋ ಗೊತ್ತಿಲ್ಲ. ನೀನಾಗಿದ್ದರೂ ಸರಿಯೇ, ಒಳ್ಳೆಯದೇ ಮಾಡಿದೆ.

ಆರನೇ ತಾರೀಕು ಬಸ್ಸು ಹೊರಡುವ ಮುಂಚೆ ನಿನ್ನನ್ನು ನೋಡಬೇಕಂತೆ. ಬಾ. ನಿನ್ನ ಬಾಯಿ ಮುಚ್ಚಿಸಿದ್ದು ನಾನೇ ಎಂದು ಅವಳಿಗೆ ಹೇಳಿದ್ದೇನೆ. ಗಣೇಶಣ್ಣನ ಮೇಲೆ ತನಗೆ ಕೋಪವಿಲ್ಲ ಅಂದಳು. ನನ್ನ ಮೇಲೆ ಇದೆಯೇ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.