ಹೊರನಡಿಗೆ

ಈಸ್ಟ್‌ಮೇನ್, ಜೇಮ್ಸ್ ಕೊಲ್ಲಿ
ಏಪ್ರಿಲ್ 11, 2019

ನನ್ನ ಮಗಳು ಲೊರೇನ್‌ಗೆ,

ಹೇಗಿದ್ದೀಯ? ಮಂಡಿ ಒಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ನೀನು ಪಾದದ ಸುತ್ತ ಗೆರೆ ಎಳೆದು ಕಳಿಸಿದ ಕಾಗದ ಬಂದಾಗಿನಿಂದ ಅದನ್ನು ಮೇಜಿನ ಮೇಲೆ ಹರಡಿಕೊಂಡು ಕೂರುವುದೇ ನನ್ನ ಕೆಲಸವಾಗಿದೆ. ಎಡಗಾಲಿನ ಹೆಬ್ಬೆರಳು ಒಳಕ್ಕೆ ಬಾಗಿದೆ, ಥೇಟ್ ನಿಮ್ಮಪ್ಪನದು. ಅವರು ಇದ್ದಿದ್ದರೆ ಆ ಕಾಗದವನ್ನು ಊರೆಲ್ಲ ತೋರಿಸಿಕೊಂಡು ಬರುತ್ತಿದ್ದರು. ನಿನ್ನ ಪಾದರಕ್ಷೆಗೆ ಚರ್ಮ ಕತ್ತರಿಸಿ ಆಗಿದೆ, ಹೊಲಿಯುತ್ತಿದ್ದೇನೆ. ಕಣ್ಣು ಮೊದಲಿನಂತಿಲ್ಲ, ಹೊಲಿಗೆ ಸೊಟ್ಟಗಾದರೆ ನಗಬಾರದು.

ಐವತ್ತು ವರ್ಷದ ಮೇಲೆ, ಹೋದ ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಸಿಕ್ಕಾಗ ಫೋನಿನಲ್ಲಿ ಏನು ಮಾತಾಡಿದೆವು ಹೇಳು? ಬರೀ ಅತ್ತೆವು. ಪತ್ರವೇ ವಾಸಿ. ಬಿಳಿಯರ ವಸತಿಶಾಲೆಯಲ್ಲಿ ನಾನು ನಮ್ಮ ಕ್ರೀ ಭಾಷೆಯಲ್ಲಿ ಒಂದು ಮಾತಾಡಿದರೂ ಬಾಯಿಗೆ ಸೋಪು ಹಾಕಿ, ಹೊಡೆದು ಇಂಗ್ಲಿಷ್ ಕಲಿಸಿದರು. ಆ ಭಾಷೆ ನನಗೆ ಯಾವ ಪ್ರಯೋಜನಕ್ಕೂ ಬಂದಿರಲಿಲ್ಲ. ಈಗ ನನ್ನ ಸ್ವಂತ ಮಗಳಿಗೆ ಬರೆಯಲು ಅದೇ ಬೇಕಾಗಿದೆ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ಊರಿನ ಸುದ್ದಿ ಹೇಳುತ್ತೇನೆ. ಕಾಡುಬಾತುಗಳು ಬರುವ ಹೊತ್ತಾಯಿತು. ನಿನ್ನ ತಮ್ಮ ಎಲ್ಡನ್ ಕೋವಿಗೆ ಎಣ್ಣೆ ಹಚ್ಚುತ್ತ ಕೂತಿದ್ದಾನೆ, ಮನೆಯಲ್ಲಿ ಕಡ್ಡಿ ಎತ್ತಿಡುವುದಿಲ್ಲ. ಅವನ ಮೊಮ್ಮಗಳು ಸೇಡಿಗೆ ಈ ಸಲ ಹೊರನಡಿಗೆಯ ಶಾಸ್ತ್ರ. ಅಲ್ಲಿಯವರೆಗೆ ಮಗುವಿನ ಕಾಲು ಹೊರಗಿನ ನೆಲ ಮುಟ್ಟುವಂತಿಲ್ಲ ಎಂದು ಹಿಂದೆಯೇ ಬರೆದಿದ್ದೆನಲ್ಲ. ಅದು ಈಗಾಗಲೇ ಮನೆಯೊಳಗೆ ಓಡುತ್ತದೆ. ಹೊರಗೆ ಹೊರಟರೆ ಎಲ್ಲರೂ ಸರದಿಯ ಮೇಲೆ ಎತ್ತಿಕೊಂಡು ಸೊಂಟ ಹಿಡಿದುಕೊಳ್ಳುತ್ತಿದ್ದಾರೆ.

ಶಾಲೆಯ ಹೆಡ್‌ಮಾಸ್ಟರ್ ಪೆಲ್ಟಿಯೆ ಬಂದಿದ್ದರು. ದಕ್ಷಿಣದ ಬಿಳಿಯ, ಒಳ್ಳೆಯ ಮನುಷ್ಯ. "ಬೆಳಗಿನ ಜಾವ ತುಂಬಾ ಚಳಿ ಇರುತ್ತಮ್ಮ, ನಮ್ ಶಾಲೆ ಆಟದ ಹಾಲ್‌ನಲ್ಲೇ ಮಾಡಿದ್ರೆ ಹೇಗೆ? ಹೀಟರ್ ಇದೆ" ಎಂದರು. ಊರಿಗೆಲ್ಲ ಹಿರಿಯಳಾದ ಜೂಲಿಯೆಟ್ ಅಜ್ಜಿ ಅಲ್ಲೇ ಇದ್ದರು. "ಹೊರನಡಿಗೇನ ಒಳಗೆ ಮಾಡೋದಾ? ಭೇಷ್! ಹಂಗೇ ಬಾತುಗಳಿಗೂ ಒಂದ್ ಮಾತು ಹೇಳ್ಬಿಡಪ್ಪಾ, ಒಳಗೇ ಹಾರಾಡ್ಲಿ" ಎಂದರು. ಪಾಪ, ಹೆಡ್‌ಮಾಸ್ಟರ್ ಕಿವಿಯವರೆಗೂ ಕೆಂಪಾದರು. ಮಾರನೆಯ ದಿನ ತಾವೇ ಮಕ್ಕಳನ್ನು ಕರೆದುಕೊಂಡು, ಹೊರನಡಿಗೆಯ ದಾರಿಗೆ ಹಾಸಲು ಸ್ಪ್ರೂಸ್ ಮರದ ಸೊಪ್ಪು ಕಡಿಯಲು ಹೋದರು. ಆ ಮಕ್ಕಳು ಅವರಿಗೆ ಸೊಪ್ಪಿನ ಹೆಸರನ್ನು ಕ್ರೀಯಲ್ಲಿ ಹೇಳಿಕೊಡುತ್ತಿದ್ದರು. ನಾನು ಕಿಟಕಿಯಿಂದ ಅದನ್ನು ಕೇಳಿದೆ, ಹೊಟ್ಟೆ ತಣ್ಣಗಾಯಿತು. ಮೂರು ವರ್ಷದ ಹಿಂದೆ ದೊಡ್ಡವರು ಯಾರೋ ವಿಮಾನದಲ್ಲಿ ಬಂದು ವಸತಿಶಾಲೆಗಳ ವಿಷಯಕ್ಕೆ ನಮ್ಮ ಕ್ಷಮೆ ಕೇಳಿದ್ದರು. ಅತ್ತುಬಿಟ್ಟರು, ನಾನೇ ಅವರಿಗೆ ಕರವಸ್ತ್ರ ಕೊಡಬೇಕಾಯಿತು. ನನಗೆ ಅದಕ್ಕಿಂತ ಈ ಸೊಪ್ಪೇ ಹೆಚ್ಚು.

ಈಗ ನಿನ್ನ ವಿಷಯ. ಸೇಡಿಯ ಹೊರನಡಿಗೆ ನೋಡಲು ಬರಬಹುದಾ ಎಂದು ಕೇಳಿದ್ದೆ. ನಾನು, ನೋಡಲು ಬೇಡ, ನಡೆಯಲು ಬಾ ಎಂದೆ. ಅದಕ್ಕೆ ನೀನು ಪಾದದ ಗೆರೆ ಕಳಿಸಿದೆ, ಬರುತ್ತೇನೆಂದು ಮಾತ್ರ ಬರೆಯಲಿಲ್ಲ. "ಐವತ್ತು ದಾಟಿದವಳು ಮಗುವಿನ ಹಾಗೆ ನಡೆದರೆ ಜನ ನಗುವುದಿಲ್ಲವೇ? ನಾನು ಅಲ್ಲಿಯವಳಾಗಲು ತುಂಬಾ ತಡವಾಯಿತು ಅಲ್ಲವೇ?" ಎಂದು ಬರೆದಿದ್ದೀಯ. ಆ ಸಾಲು ಓದಿ ನನಗೆ ಒಂದು ವಾರ ಊಟ ಸೇರಲಿಲ್ಲ.

ಹಿರಿಯರನ್ನು ಕೂರಿಸಿ ಕೇಳಿಯೇಬಿಟ್ಟೆ. ನಗಲಿಲ್ಲ ಎಂದು ಸುಳ್ಳು ಹೇಳಲಾರೆ. ಸ್ಯಾಮ್ಸನ್ ಮಾವ, "ಹೊರನಡಿಗೆ ಆಗೋವರ್ಗೂ ಕಾಲು ನೆಲ ಮುಟ್ಟಬಾರ್ದಲ್ಲ ಜಮೈಮಾ? ವಿಮಾನ ಇಳಿದ ಕೂಸನ್ನ ಡೇರೆವರೆಗೆ ಯಾರು ಎತ್ಕೊಂಡು ಬರ್ತಾರೆ? ನನ್ ಕೈಲಂತೂ ಆಗಲ್ಲಪ್ಪ" ಎಂದರು. "ನನ್ ಹಿಮದ ಬಂಡಿ ಇದೆಯಲ್ಲ, ಕೂರಿಸ್ಕೊಂಡು ಬರ್ತೀನಿ. ಹೋದ್ ತಿಂಗಳು ಒಂದು ಕಡವೇನೇ ತಂದಿದ್ದೀನಿ" ಎಂದ ನಿನ್ನ ತಮ್ಮ. ಮಾತಾಡುವ ವರಸೆ ನೋಡು! ಎಲ್ಲರೂ ಬಿದ್ದು ಬಿದ್ದು ನಕ್ಕರು. ಜೂಲಿಯೆಟ್ ಅಜ್ಜಿ ಮಾತ್ರ ನಗಲಿಲ್ಲ. "ಆ ಹುಡುಗಿ ಹುಟ್ಟಿದಾಗ ಹೊಕ್ಕುಳ ಕಟ್ಟಿದ್ದು ನಾನು. ಅವಳು ನಡೀತಾಳೆ. ನಗೋರು ಈಗ್ಲೇ ನಕ್ಕು ಮುಗಿಸ್ಕೊಳ್ಳಿ" ಎಂದರು. ಅಲ್ಲಿಗೆ ಮಾತು ಮುಗಿಯಿತು.

ಮೇ ಎರಡನೇ ಶನಿವಾರ, ಸೂರ್ಯ ಹುಟ್ಟುವಾಗ. ಪೂರ್ವಕ್ಕೆ ಬಾಗಿಲಿರುವ ಡೇರೆ. ನಾನು ನಿನ್ನ ಕೈ ಹಿಡಿದು ಹೊರಡುತ್ತೇನೆ. ಸೊಪ್ಪಿನ ಮೇಲೆ ನಡೆದು, ದಾರಿಯ ಕೊನೆಯ ಮರ ಸುತ್ತಿ, ಸೌದೆಯ ಕಟ್ಟು ಹೊತ್ತು ಮತ್ತೆ ಡೇರೆಯೊಳಗೆ ಬಂದು ಹಿರಿಯರಿಗೆ ಕೊಡಬೇಕು. ಅಷ್ಟೇ. ಒಂದು ಕ್ರೀ ಮಾತೂ ಬೇಕಿಲ್ಲ, ಸೇಡಿಗೂ ಎಲ್ಲಿ ಬರುತ್ತದೆ? ಆಮೇಲೆ ಬೆಂಕಿಯ ಮುಂದೆ ದಾರದಲ್ಲಿ ತೂಗುಬಿಟ್ಟು ಸುಟ್ಟ ಬಾತು ತಿನ್ನೋಣ. ಕೊಬ್ಬು ಮೊಣಕೈವರೆಗೆ ಇಳಿಯಬೇಕು, ಆಗಲೇ ಊಟ.

ಬರುತ್ತೇನೆ ಎಂದು ಒಂದು ಸಾಲು ಬರೆ. ನಿನ್ನ ಮೈ ಬೆಚ್ಚಗಿರಲಿ, ನಿನ್ನ ಮಕ್ಕಳ ತಟ್ಟೆ ತುಂಬಿರಲಿ.

ನಿನ್ನ ದಾರಿ ನೋಡುವ
ಅಮ್ಮ ಜಮೈಮಾ

ಮ.ಸೂ: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಇದನ್ನು ನಾನು ಎಲ್ಡನ್‌ಗೂ ಹೇಳಿಲ್ಲ. ಕೆಮ್ಮಿಗೆ ಔಷಧಿ, ಬೇಗ ವಾಪಸ್ ಕಳಿಸುತ್ತೇವೆ ಎಂದು ಹೇಳಿ ಆಸ್ಪತ್ರೆಯವರು ನಿನ್ನನ್ನು ಕರೆದೊಯ್ದ ದಿನ, ನದಿಯ ದಂಡೆಯಲ್ಲಿ ನರ್ಸ್ ಚೀಲ ಎತ್ತಿಕೊಳ್ಳಲು ನಿನ್ನನ್ನು ಕೆಳಗೆ ಬಿಟ್ಟಳು. ನೀನು ನಿಂತೆ. ಅದಕ್ಕೆ ಮೊದಲು ನೀನು ನಿಂತವಳೇ ಅಲ್ಲ. ಹಸಿ ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆದೆ, ನನ್ನ ಕಡೆಗಲ್ಲ, ನೀರಿನ ಮೇಲೆ ನಿಂತಿದ್ದ ವಿಮಾನದ ಕಡೆಗೆ, ನಗುತ್ತ. ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ನಿನ್ನ ಹಿಂದೆ ಓಡದಂತೆ ನರ್ಸ್ ನನ್ನನ್ನು ಹಿಡಿದುಕೊಂಡಳು.

ಹಾಗಾಗಿ ನೀನು ಹೊರಗೆ ನಡೆದದ್ದು ಎಂದೋ ಆಗಿದೆ, ಮಗಳೇ. ಮರ ಸುತ್ತಿ ಹಿಂದಿರುಗುವುದೊಂದೇ ಬಾಕಿ. ಅದಕ್ಕೇ ನಾನು ನಿನ್ನ ಕೈ ಹಿಡಿಯುವುದಿಲ್ಲ, ಎಲ್ಡನ್ ಹಿಡಿಯುತ್ತಾನೆ. ಮಗು ತಿರುಗಿ ಬರುವಾಗ ಡೇರೆಯಲ್ಲಿ ಯಾರಾದರೂ ಇರಬೇಕಲ್ಲ. ನಾನು ಒಳಗೆ ಕೂತಿರುತ್ತೇನೆ.