ಗುರುವಾರ ಬಾರದ ತಮ್ಮನಿಗೆ

ನವೆಂಬರ್ ೧೧, ಗುರುವಾರ

ಪ್ರೀತಿಯ ತಮ್ಮಾ,

ನಿನ್ನ ಮೂರು ಪತ್ರಗಳೂ ಬಂದು ತಲುಪಿವೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಎರಡು ತಿಂಗಳಿಂದ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗುತ್ತಿದ್ದೆ, ಯಾಕೆಂದು ಆಮೇಲೆ ಹೇಳುತ್ತೇನೆ. ಪತ್ರ ಶುರು ಮಾಡುವಾಗ ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಬರೆದರೆ ಸುಳ್ಳಾಗುತ್ತದೆ, ಸುಳ್ಳು ಬರೆಯುವುದಕ್ಕೆ ವಂಶದಲ್ಲಿ ನೀನೊಬ್ಬ ಸಾಕು. ಅತ್ತ ನೀನು ಕ್ಷೇಮವಾಗಿದ್ದೀಯ ಎಂದು ಪೇಪರಿನಲ್ಲಿ ಓದಿದೆ. ಪಶುವೈದ್ಯ ಇಲಾಖೆಯ ದೊಡ್ಡ ಕುರ್ಚಿಗೆ ನಿನ್ನ ಹೆಸರೇ ಮೊದಲಂತೆ. ಫೋಟೊದಲ್ಲಿ ಸ್ವಲ್ಪ ದಪ್ಪಗೆ ಕಾಣುತ್ತೀಯ.

ನಿನ್ನ ಭಾವ ಎಂದಿನಂತೆ ಲೇತ್ ಮುಂದೆ ನಿಂತಿರುತ್ತಾರೆ. ಕಬ್ಬಿಣದ ಜತೆ ಆಡುವಷ್ಟು ಮಾತು ನಮ್ಮ ಜತೆ ಆಡುವುದಿಲ್ಲ. ನಮ್ಮ ಸಾಸಿವೆಗೆ ಹೋದ ವಾರ ಒಂಬತ್ತು ತುಂಬಿತು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ನೀನೇ ಇಟ್ಟ ಅಡ್ಡಹೆಸರು. ನನ್ನ ಮಗಳ ನಿಜವಾದ ಹೆಸರು ಎಷ್ಟೋ ಸಲ ನನಗೇ ಮರೆತುಹೋಗುತ್ತದೆ. ಅವಳ ಶಾಲೆ ಬದಲಾಗಿದೆ. ಹೊಸ ಶಾಲೆಯಲ್ಲಿ ಗಂಟೆ ಹೊಡೆಯುವುದಿಲ್ಲ, ದೀಪ ಹೊತ್ತಿಸಿ ಆರಿಸುತ್ತಾರೆ. ಕೊಟ್ಟಿಗೆಯಲ್ಲಿ ಈಗ ಒಂದೇ ಹಸು.

ನಿನ್ನ ಮೂರೂ ಪತ್ರಗಳಲ್ಲಿ ಒಂದೇ ಮಾತು. ‘ಎರಡು ವರ್ಷದ ಹಿಂದಿನದನ್ನು ಕೆದಕಬೇಡ ಅಕ್ಕ, ನಾನು ಗುರುವಾರ ಬಂದು ಅಳೆದಿದ್ದೆ, ನಿನಗೆ ನೆನಪಿಲ್ಲ.’ ನನಗೆ ನೆನಪಿದೆಯೋ ಇಲ್ಲವೋ ನೀನೇ ನೋಡು.

ಆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನೀನು ಬಂದೆ. ನಾಲ್ಕೂ ಹಸುಗಳ ಕುತ್ತಿಗೆಯ ಕೂದಲು ಬೋಳಿಸಿ, ಚರ್ಮ ಮಡಿಸಿ ಅಳೆದು, ಕ್ಷಯ ಇದೆಯೋ ಎಂದು ತಿಳಿಯುವ ಸೂಜಿ ಚುಚ್ಚಿದೆ. ಅವುಗಳಲ್ಲಿ ಮೊಂಡಿ ನಿನ್ನ ಕಾಲು ತುಳಿದಳು, ನಾನು ನಕ್ಕೆ. ಅವಳ ಚರ್ಮ ಎಂಟು ಮಿಲಿಮೀಟರ್. ಎಪ್ಪತ್ತೆರಡು ಗಂಟೆ ಬಿಟ್ಟು ಮತ್ತೆ ಅಳೆಯಬೇಕು, ಊದಿದ್ದರೆ ಆ ಹಸುವಿಗೆ ರೋಗ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀನು ಓದುವಾಗ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದವಳು ನಾನು, ಗೋಡೆಗೆ ಒರಗಿ ಒಪ್ಪಿಸುತ್ತಿದ್ದವನು ನೀನು. ಅಮ್ಮ ಹೋದ ಮೇಲೆ ನಿನ್ನನ್ನು ಓದಿಸಿದ್ದೂ ಈ ಹಸುಗಳ ಅಜ್ಜಿಯರ ಹಾಲೇ.

ಗುರುವಾರ ನೀನು ಬರಲಿಲ್ಲ. ಮೇಲಧಿಕಾರಿಯ ಹೊಸ ಮನೆ ನೋಡಲು ಹೋಗಿದ್ದೆ. ನಾನು ನಾಲ್ಕು ಗಂಟೆಯವರೆಗೆ ಕಾದು, ಸಿಟ್ಟು ಬಂದು, ಭಾವನ ವರ್ನಿಯರ್ ತಂದೆ. “ಅದು ಕಬ್ಬಿಣ ಅಳೆಯೋದು ಕಣೇ, ಹಸು ಅಲ್ಲ” ಅಂದರು. ಮೂರು ಹಸುಗಳು ಏಳು, ಎಂಟು, ಎಂಟು. ಮೊಂಡಿ ಹತ್ತೊಂಬತ್ತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರಲ್ಲ, ಮತ್ತೆ ಅಳೆದೆ. ಹತ್ತೊಂಬತ್ತೇ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೆ ಬರೆದು ನಿನಗೆ ಫೋನ್ ಮಾಡಿದೆ. ನಿನ್ನ ಹಿಂದೆ ಜನ ನಗುವುದು ಕೇಳಿಸುತ್ತಿತ್ತು.

“ನೀನ್ಯಾವಾಗ ಡಾಕ್ಟರಾದೆ ಅಕ್ಕ? ಸೂಜಿ ಚುಚ್ಚಿದ ಕಡೆ ಊದದೆ ಇನ್ನೇನಾಗುತ್ತೆ? ಬಿಸಿ ಬಟ್ಟೆ ಒತ್ತು, ಇಳಿಯುತ್ತೆ” ಅಂದೆ. ಮಗುವಿಗೆ ಮೊಂಡಿಯ ಹಾಲು ಕೊಡಬಹುದೇ ಎಂದು ಕೇಳಿದ್ದಕ್ಕೆ, “ಕೊಡು, ಕಾಯಿಸ್ಬೇಡ. ನೊರೆಹಾಲಲ್ಲಿರೋ ಸತ್ವ ಕಾಯಿಸಿದ್ರಲ್ಲಿ ಎಲ್ಲಿರುತ್ತೆ?” ಅಂದೆ. ಡಾಕ್ಟರು ಹೇಳಿದ ಮೇಲೆ ಮುಗಿಯಿತು. ಮುಂದಿನ ವಾರ ಅಂಚೆಯಲ್ಲಿ ನಿನ್ನ ಪರೀಕ್ಷೆಯ ಕಾರ್ಡ್ ಬಂತು: ಮೊಂಡಿ, ಗುರುವಾರ, ಎಂಟು. ವರ್ನಿಯರಿಗಿಂತ ನನ್ನ ತಮ್ಮ ದೊಡ್ಡವನು ಎಂದುಕೊಂಡೆ.

ಆರು ತಿಂಗಳಿಗೆ ಸಾಸಿವೆಯ ಕುತ್ತಿಗೆಯಲ್ಲಿ ಗೋಲಿಯಷ್ಟು ಗಂಟು ಬಂತು. ಅದರಿಂದ ನೀರು ತೆಗೆದು ನೋಡಿದ ಆಸ್ಪತ್ರೆಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಮನೇಲಿ ಹಸು ಇದೆಯಾ?” ದನದ ಕ್ಷಯ. ನಮ್ಮಲ್ಲಿ ಹಾಲು ಕೊಳ್ಳುವ ಬೀದಿಯವರನ್ನೆಲ್ಲ ಪರೀಕ್ಷೆ ಮಾಡಿದರು, ಒಬ್ಬರಿಗೂ ಏನೂ ಆಗಿರಲಿಲ್ಲ. ಅವರೆಲ್ಲ ಕಾಯಿಸಿ ಕುಡಿದಿದ್ದರು. ಹಾಲು ಕುಡಿದ ಮಕ್ಕಳೇ ಬದುಕುವುದಿಲ್ಲ, ಇನ್ನು ವಿಷ ಕುಡಿದವರು ಬದುಕುತ್ತಾರೆಯೇ ಅನ್ನುವ ಗಾದೆ ಇದೆ. ನನ್ನ ಮಗಳು ಎರಡನ್ನೂ ಒಂದೇ ಲೋಟದಲ್ಲಿ ಕುಡಿದಳು.

ತಿಂಗಳುಗಟ್ಟಲೆ ಇಂಜೆಕ್ಷನ್. ಗಂಟು ಕರಗಿತು, ಔಷಧಿ ಕಿವಿಯನ್ನು ತಿಂದಿತು. ಒಂದು ಬೆಳಿಗ್ಗೆ ಪಾತ್ರೆ ನನ್ನ ಕೈತಪ್ಪಿ ಅವಳ ಬೆನ್ನ ಹಿಂದೆಯೇ ಬಿತ್ತು, ಅವಳು ತಿರುಗಿ ನೋಡಲಿಲ್ಲ. ನಮಗೆ ಗೊತ್ತಾದದ್ದು ಹಾಗೆ.

ನಿನ್ನ ಜಾಗಕ್ಕೆ ಬಂದ ಡಾಕ್ಟರಮ್ಮ ಸೋಮವಾರ ಚುಚ್ಚಿ, ಗುರುವಾರ ಅದೇ ಗಂಟೆಗೆ ಸೈಕಲ್ಲಿನಲ್ಲಿ ಬಂದು ಅಳೆದರು. ಈ ಸಲ ನಾಲ್ಕರಲ್ಲಿ ಮೂರು ಊದಿದ್ದವು. ಮೂರಕ್ಕೂ ಸೂಜಿ ಕೊಟ್ಟು ಶಾಶ್ವತವಾಗಿ ಮಲಗಿಸಿದರು. ಮೊಂಡಿಯ ಶ್ವಾಸಕೋಶ ಕೊಯ್ದು ತೋರಿಸಿದರು, ಒಳಗೆ ಸೀಮೆಸುಣ್ಣದ ಪುಡಿಯಂಥ ಗಂಟುಗಳು. “ಇದು ಇವತ್ತು ನಿನ್ನೇದಲ್ಲಮ್ಮ, ವರ್ಷಗಳದು” ಅಂದರು. ಹತ್ತು ವರ್ಷ ನನ್ನ ಕೈ ನೆಕ್ಕಿದ ಹಸು ಅದು. ಅಲ್ಲೇ ನಿಂತು ನಿನ್ನನ್ನು ಶಪಿಸಿದೆ. ಆದರೂ ರಕ್ತಸಂಬಂಧ ಕೇಳಬೇಕಲ್ಲ, ಫೋನ್ ಮಾಡಿದೆ. ಮಗು ಹೇಗಿದೆ ಎಂದು ಕೇಳುವ ಮೊದಲೇ ನೀನು, “ಹಸುವಿಂದ ಬಂತು ಅಂತ ಯಾರ ಹತ್ರಾನೂ ಅನ್ಬೇಡಕ್ಕ” ಅಂದೆ. ಆ ಕ್ಷಣದಿಂದ ನಿನ್ನ ಮೇಲೆ ನನಗೆ ಇರುವುದು ಹಗೆ. ಬೇರೆ ಹೆಸರು ಇಡಲಾರೆ.

ಈಗ ಕಾಲಿನ ಚಕ್ರದ ಕತೆ. ಆ ವರ್ಷ ನೀನು ಪರೀಕ್ಷೆ ಮಾಡಿದ ಕೊಟ್ಟಿಗೆಗಳ ಪಟ್ಟಿಗೆ ‘ನೂರಕ್ಕೆ ನೂರು ರೋಗರಹಿತ’ ಎಂದು ಬರೆಸಿ, ಚೌಕಟ್ಟು ಹಾಕಿಸಿ, ಕಚೇರಿಯ ಗೋಡೆಗೆ ತೂಗುಹಾಕಿದ್ದೀಯಲ್ಲ, ಅದರ ಮುಂದೆ ನಿಂತು ಬರೆದುಕೊಂಡು ಬಂದೆ. ನಲವತ್ತೊಂದು ಕೊಟ್ಟಿಗೆ. ಒಂದೊಂದಕ್ಕೂ ನಡೆದುಹೋಗಿ ಒಂದೇ ಪ್ರಶ್ನೆ ಕೇಳಿದೆ: ಡಾಕ್ಟರು ಮೂರನೇ ದಿನ ಬಂದಿದ್ದರಾ?

ಒಬ್ಬ ಮುದುಕ ಹಾಲು ಕರೆಯುತ್ತಲೇ ಹೇಳಿದ, “ಮೊದಲ್ನೇ ದಿನ ಬಂದಿದ್ರು. ಮೂರನೇ ದಿನ ಅಂತ ಒಂದಿದೆ ಅನ್ನೋದೇ ನಂಗೆ ಗೊತ್ತಿಲ್ವಲ್ಲಮ್ಮ!” ಅವಳಿ ಕರುಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ ಹೆಂಗಸೊಬ್ಬಳು, ನೀವು ಡಾಕ್ಟರಿಗೆ ಏನಾಗಬೇಕು ಎಂದು ಕೇಳಿದಳು. ಅಕ್ಕ ಅಂದೆ.

“ಒಡಹುಟ್ಟಿದವನ ಹೊಟ್ಟೆ ಮೇಲೆ ಹೊಡೀತೀರಾ?”

“ಹೂಂ. ಗುರಿ ಇಟ್ಟೇ ಹೊಡೀತೀನಿ.”

ಅವಳು ಬಾಟಲಿ ಕೆಳಗಿಟ್ಟು ಪೆನ್ನು ಕೇಳಿದಳು. ಹೀಗೆ ಮೂರನೇ ದಿನ ನೀನು ಬರಲಿಲ್ಲವೆಂದು ಮೂವತ್ತಾರು ಜನ ಬರೆದುಕೊಟ್ಟಿದ್ದಾರೆ. ಪ್ರತಿ ಹಾಳೆ ಕೈಗೆ ಬಂದಾಗಲೂ ನನಗೆ ತುಂಬಾ ಸಂತೋಷವಾಯಿತು. ಹಸಿದವಳಿಗೆ ಊಟ ಸಿಕ್ಕಿದ ಹಾಗೆ. ಎಲ್ಲವನ್ನೂ, ಕ್ಯಾಲೆಂಡರಿನ ಆ ಹಾಳೆಯನ್ನೂ ಸೇರಿಸಿ, ವಿಚಾರಣೆಯ ಅಧಿಕಾರಿಗೆ ಕೊಟ್ಟಿದ್ದೇನೆ. ಬರುವ ಸೋಮವಾರ ಹನ್ನೊಂದಕ್ಕೆ ನಿನ್ನನ್ನು ಕರೆದಿರುವುದು ಅದಕ್ಕೇ. ದೂರು ಕೊಟ್ಟದ್ದು ಆ ಡಾಕ್ಟರಮ್ಮ ಎಂದು ಅವರಿಗೆ ಕಿರುಕುಳ ಕೊಡುತ್ತಿದ್ದೀಯಂತೆ. ಅವರನ್ನು ಬಿಟ್ಟುಬಿಡು, ದೂರು ನನ್ನದು.

“ಸಾಕು ಬಿಡೇ, ಅವನ ಕೆಲಸ ಹೋದ್ರೆ ಮಗೂಗೆ ಕಿವಿ ಬರುತ್ತಾ?” ಎಂದು ಭಾವ ನಿನ್ನ ಪರ ವಕಾಲತ್ತು ಮಾಡಿದರು. ಬರುವುದಿಲ್ಲ. ಆದರೂ ಹೋಗಲಿ. ಇನ್ನೊಂದು ಹಸುವಿನ ಕುತ್ತಿಗೆಯನ್ನು ನೀನು ಮುಟ್ಟಬಾರದು. ಮಾಡಿದ್ದುಣ್ಣೋ ಮಹರಾಯ.

ಹಿರಿಯಳಾಗಿ ಆಶೀರ್ವಾದ ಮಾಡದೆ ಪತ್ರ ಮುಗಿಸಬಾರದು. ನೂರು ವರ್ಷ ಬಾಳು. ಹಲ್ಲು ಬಿದ್ದರೂ ಕಣ್ಣು ಮಂಜಾದರೂ ಕಿವಿ ಮಾತ್ರ ಕೊನೆಯ ದಿನದವರೆಗೂ ಚುರುಕಾಗಿರಲಿ. ಜನ ನಿನ್ನ ಹಿಂದೆ ಆಡುವ ಒಂದು ಮಾತೂ ತಪ್ಪದೆ ನಿನಗೆ ಕೇಳಿಸಲಿ.

ನಿನ್ನ
ಅಕ್ಕ

ತಾ.ಕ.: ಇದು ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಇಲಾಖೆಯಲ್ಲಿರುವ ಹಾಳೆಯಲ್ಲಿ ನಿನ್ನ ಎಂಟರ ಕೆಳಗೆ ಇನ್ನೊಂದು ಸಾಲಿದೆ: ‘ಮಾಲೀಕರ ಎದುರಿನಲ್ಲಿ ಅಳೆಯಲಾಗಿದೆ.’ ಅದರ ಕೆಳಗಿರುವುದು ನನ್ನ ಸಹಿ. ಸೂಜಿ ಚುಚ್ಚಿದ ದಿನವೇ ನೀನು ಖಾಲಿ ಹಾಳೆ ಚಾಚಿ, “ಗುರುವಾರದ್ದಕ್ಕೂ ಈಗ್ಲೇ ಒಂದು ಸಹಿ ಹಾಕ್ಬಿಡಕ್ಕ” ಅಂದೆ. ಸಗಣಿಯ ಕೈ ಒರೆಸಿಕೊಂಡು ಹಾಕಿದೆ. ಹಾಕದಿದ್ದರೆ ನೀನು ಬರಲೇಬೇಕಾಗುತ್ತಿತ್ತು. ಇದು ಭಾವನಿಗೂ ಗೊತ್ತಿಲ್ಲ. ಅದನ್ನು ಹಿಡಿದು ನನ್ನ ಬಾಯಿ ಮುಚ್ಚಿಸಬಹುದು ಎಂದು ನಿನ್ನ ಮೂರನೆಯ ಪತ್ರದ ಕೊನೆಯಲ್ಲಿ ನಾಜೂಕಾಗಿ ಬರೆದಿದ್ದೀಯ. ಆ ಕಷ್ಟ ನಿನಗೆ ಬೇಡ, ಸೋಮವಾರ ನಾನೇ ಮೊದಲು ಹೇಳುತ್ತೇನೆ. ಸಾಸಿವೆ ಈಗ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿದ್ದಾಳೆ. ಅವಳನ್ನು ನನ್ನ ಎದುರಿನ ಕುರ್ಚಿಯಲ್ಲಿ ಕೂರಿಸಿಕೊಂಡು, ನಿಧಾನವಾಗಿ ಹೇಳುತ್ತೇನೆ.